ಮೂರರಿಂದ ನಾಲ್ಕರ ಕೊಂಡಿ

ಗದಗ ಕಡೆಯ ಒಂದು ಊರಿನಲ್ಲಿ ಎಜ್ರಾ ಮಾಸ್ತರ ಎಂಬ, ಚರ್ಚಿನ ಸಭಾ ಹಿರಿಯರಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಸೀಟಿ ಕೊರಳಿನಿಂದ ಇಳಿದಿತ್ತು, ಸ್ವಭಾವದಿಂದ ಇಳಿದಿರಲಿಲ್ಲ. ಚರ್ಚಿಗೆ ಯಾರು ತಡವಾಗಿ ಬಂದರು, ಪ್ರಾರ್ಥನೆಯ ಹೊತ್ತಿಗೆ ಯಾರು ಕಣ್ಣು ಬಿಟ್ಟಿದ್ದರು, ಎಲ್ಲವೂ ಅವರಿಗೆ ಕಾಣುತ್ತಿತ್ತು. ಅವರು ಯಾವಾಗ ಕಣ್ಣು ಮುಚ್ಚುತ್ತಿದ್ದರೋ, ಅದನ್ನು ಮಾತ್ರ ಕೇಳಬೇಡಿ.

ಆ ಸಭೆಯಲ್ಲಿ ಒಂದು ಪದ್ಧತಿ. ಯಾರಿಗಾದರೂ ಕಷ್ಟ ಬಂದರೆ ಸರಪಳಿ ಪ್ರಾರ್ಥನೆ ಕಟ್ಟುತ್ತಾರೆ. ಒಂದೊಂದು ಮನೆಯವರಿಗೆ ಒಂದೊಂದು ತಾಸು. ಒಬ್ಬರು ಏಳುವ ಹೊತ್ತಿಗೆ ಇನ್ನೊಬ್ಬರು ಮೊಣಕಾಲೂರಬೇಕು, ಪ್ರಾರ್ಥನೆ ನಿಲ್ಲಬಾರದು. ಒಳ್ಳೆಯ ಪದ್ಧತಿಯೇ. ಒಬ್ಬರ ಕಷ್ಟಕ್ಕೆ ಇಷ್ಟು ಮಂದಿ ಮೊಣಕಾಲೂರುವುದು ಸಣ್ಣ ಮಾತಲ್ಲ. ಆದರೆ ಮಾಸ್ತರರು ಅದಕ್ಕೊಂದು ಕಾಯಿದೆ ಸೇರಿಸಿದ್ದರು.

"ಒಂದು ಕೊಂಡಿ ಕಳಚಿದ್ರ ಇಡೀ ಸರಪಳಿ ಹೋತು. ದೇವರು ಅರ್ಧಂಬರ್ಧ ತಗೊಳ್ಳಾಂವಲ್ಲ."

ಮೊಬೈಲು ಬಂದ ಮೇಲೆ ಇನ್ನೊಂದು ಕಾಯಿದೆ ಬಂತು. ತಾಸು ಶುರುವಾದಾಗ ವಾಟ್ಸಾಪ್ ಗುಂಪಿಗೆ ಕೈ ಮುಗಿದ ಚಿತ್ರ ಕಳಿಸಬೇಕು, ಮುಗಿದಾಗ ಮತ್ತೊಂದು.

ಈ ಸರಪಳಿಗೆ ಹೆಸರು ಕೊಡದವಳು ರಾಹೇಲಮ್ಮ ಒಬ್ಬಳೇ. ಬಾಗಿಲ ಬಳಿಯ ಕಡೇ ಬೆಂಚಿನಲ್ಲಿ ಕೂರುವ ಮುದುಕಿ. ಕೇಳಿದರೆ "ನಾ ಒಲ್ಲೆರಿ, ನನ್ನ ಬಿಟ್ಟಬಿಡ್ರಿ" ಎನ್ನುತ್ತಿದ್ದಳು. ಮಾಸ್ತರರು ಅವಳನ್ನು ಸೋಮಾರಿಗಳ ಪಟ್ಟಿಗೆ ಸೇರಿಸಿ ಬಹಳ ವರ್ಷವಾಗಿತ್ತು.

ಒಂದು ಸಲ ಕಷ್ಟ ಮಾಸ್ತರರ ಮನೆಗೇ ಬಂತು. ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಪ್ರಿಸ್ಕಿಲ್ಲಾಗೆ ಎಂಟನೇ ತಿಂಗಳಲ್ಲೇ ರಕ್ತ ಹೋಗತೊಡಗಿತು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ನಾಳೆ ಮಧ್ಯಾಹ್ನ ಮೂರಕ್ಕೆ ಆಪರೇಷನ್ ಎಂದ ಡಾಕ್ಟರು, "ಇಬ್ಬರನ್ನೂ ಉಳಿಸಾಕ ನೋಡ್ತೀವಿ" ಎಂದಷ್ಟೇ ಹೇಳಿದರು. ಮಾಸ್ತರರು ಅಲ್ಲಿಯೇ ಕೂತು ಸರಪಳಿ ಕಟ್ಟಿದರು. ಮೂರರಿಂದ ನಾಲ್ಕರ ತಾಸನ್ನು ಬೇರೆಯವರ ಕೈಗೆ ಕೊಡಲು ಧೈರ್ಯವಾಗದೆ ತಾವೇ ಇಟ್ಟುಕೊಂಡರು.

ಮರುದಿನ ಮೂರು ಹೊಡೆಯಿತು. ಮಗಳನ್ನು ಒಳಗೆ ಒಯ್ದರು. ಮಾಸ್ತರರು ವರಾಂಡದ ಬೆಂಚಿನ ಮೇಲೆ ಕೂತು ಕೈ ಮುಗಿದ ಚಿತ್ರ ಕಳಿಸಿ, ಕಣ್ಣು ಮುಚ್ಚಿದರು. ಇನ್ನೇನು "ಕರ್ತನೇ" ಎನ್ನಬೇಕು, ಮೊಬೈಲು ಗುಂಯ್ ಎಂದಿತು. ಹಿಂದಿನ ತಾಸಿನ ಗಿದ್ಯೋನ ತನ್ನ ತಾಸು ಮುಗಿದ ಚಿತ್ರವನ್ನು ಆರು ನಿಮಿಷ ತಡವಾಗಿ ಕಳಿಸಿದ್ದ. ಅವನಿಗೆ ಚೆನ್ನಾಗಿ ನಾಲ್ಕು ಮಾತು ಬರೆದರು. ಮುಂದಿನ ತಾಸಿನವರು ಸಿದ್ಧರಿದ್ದಾರೋ ಎಂದು ಕೇಳಿದರು. ಉತ್ತರ ಬರಲಿಲ್ಲ, ಫೋನ್ ಮಾಡಿದರು. ಅಷ್ಟರಲ್ಲಿ ಯಾರೋ ಒಂದು ಸಂದೇಶ ಕಳಿಸಿದರು: ಇದನ್ನು ಹನ್ನೊಂದು ಜನರಿಗೆ ಕಳಿಸಿ, ಸಂಜೆಯೊಳಗೆ ಶುಭವಾರ್ತೆ ಖಂಡಿತ. ಮಾಸ್ತರರು ಪೂರ್ತಿ ಓದದೆಯೇ ಹನ್ನೊಂದು ಜನರಿಗೆ ಕಳಿಸಿದರು. ಆಮೇಲೆ ಯಾರು ನೋಡಿದರು, ಯಾರು ನೋಡಲಿಲ್ಲ ಎಂದು ನೋಡುತ್ತ ಕೂತರು.

"ಪ್ರಿಸ್ಕಿಲ್ಲಾ ಕಡೆಯವ್ರು ಯಾರ್ರೀ?" ನರ್ಸ್ ಬಾಗಿಲಲ್ಲಿ ನಿಂತಿದ್ದಳು. "ಹೆಣ್ಣು ಕೂಸು ಆಗೇತ್ರಿ. ತಾಯಿನೂ ಹುಷಾರದಾಳ. ಡಾಕ್ಟರಿಗೇ ಆಶ್ಚರ್ಯ ಆಗೇತಿ."

ಗೋಡೆಯ ಗಡಿಯಾರದಲ್ಲಿ ಮೂರು ಐವತ್ತು. ಮಾಸ್ತರರು ಹಿಗ್ಗಿನಿಂದ ಎದ್ದರು. ಎದ್ದವರು ಹಾಗೇ ಮತ್ತೆ ಕೂತರು. ಆ ಐವತ್ತು ನಿಮಿಷದಲ್ಲಿ ಅವರ ಬಾಯಿಂದ ಒಂದೇ ಒಂದು ಪ್ರಾರ್ಥನೆಯ ಮಾತು ಬಂದಿರಲಿಲ್ಲ. ಸರಪಳಿ ಕಳಚಿತ್ತು. ಕಳಚಿದವರು ಅವರೇ. ಮಗು ಹುಟ್ಟಿದ್ದು ಅದೇ ತಾಸಿನಲ್ಲಿ.

ಗುಂಪಿನಲ್ಲಿ ಜಯಕಾರವೋ ಜಯಕಾರ. ಮಾಸ್ತರರ ಪ್ರಾರ್ಥನೆಗೇ ಉತ್ತರ ಬಂತು ಎಂದು ಎಲ್ಲರೂ ಹೊಗಳಿದರು. ಅವರು ಏನೂ ಬರೆಯಲಿಲ್ಲ. ಎರಡು ದಿನ ಗಾಜಿನಾಚೆ ಮಲಗಿದ್ದ ಮೊಮ್ಮಗಳನ್ನು ನೋಡುತ್ತ ಹೆದರಿಕೊಂಡೇ ಇದ್ದರು. ದೇವರಿಗೆ ಈಗ ಗೊತ್ತಾಗಿ, ಕೊಟ್ಟದ್ದನ್ನು ಹಿಂದಕ್ಕೆ ಕೇಳಿದರೆ?

ಮೂರನೇ ದಿನ ಮಗುವನ್ನು ಅವರ ಕೈಗಿತ್ತರು. ಅದು ಅವರ ಕಿರುಬೆರಳನ್ನು ಗಟ್ಟಿಯಾಗಿ ಹಿಡಿಯಿತು. ಆಗ ಅವರಿಗೆ ಹೊಳೆಯಿತು. ದೇವರಿಗೆ ಮೂರು ಗಂಟೆಗೇ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟಿದ್ದ.

ಮಗು ಹೊರಗೆ ತರುವಷ್ಟು ಗಟ್ಟಿಯಾದ ಮೇಲೆ ಒಂದು ಭಾನುವಾರ ಚರ್ಚಿನಲ್ಲಿ ಕೃತಜ್ಞತೆಯ ಆರಾಧನೆ ಇಟ್ಟರು. ಸಭಾಪಾಲಕರು ಮಾಸ್ತರರನ್ನು ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳಲು ಕರೆದರು. ಸುಮ್ಮನೆ ಎರಡು ಒಳ್ಳೆಯ ಮಾತಾಡಿ ಕೂತಿದ್ದರೆ ಅವರ ಮಾನ ಸಾಯುವ ತನಕ ಉಳಿಯುತ್ತಿತ್ತು. ಯಾರಿಗೂ ಏನೂ ಗೊತ್ತಿರಲಿಲ್ಲ. ಮಾಸ್ತರರು ಮುಂದಿನ ಬೆಂಚನ್ನು ಹಿಡಿದುಕೊಂಡು ನಿಂತರು.

"ನನ್ನ ತಾಸಿನ್ಯಾಗ ನಾ ಪ್ರಾರ್ಥನೆ ಮಾಡಿಲ್ಲ. ಮೊಬೈಲ್ ನೋಡಕೋತ ಕುಂತಿದ್ದೆ. ಕೊಂಡಿ ಕಳಚಿದಾಂವ ನಾನು. ಆದ್ರೂ ಕೂಸು ಬಂತು. ಇದು ನಮ್ಮ ಸರಪಳಿಗೆ ಸಿಕ್ಕ ಪಗಾರ ಅಲ್ರೀ. ನಾವು ಯಾರೂ ಕೇಳೂಕಿಂತ ಮೊದಲ ಶಿಲುಬಿ ಮ್ಯಾಲೆ ತನ್ನನ್ನಽ ಕೊಟ್ಟಾಂವ, ಇದನ್ನೂ ಹಂಗ ಕೊಟ್ಟಾನ."

ಕಡೇ ಬೆಂಚಿನಲ್ಲಿ ರಾಹೇಲಮ್ಮ ಎದ್ದು ನಿಂತಳು.

"ಮಾಸ್ತರ, ಮೂವತ್ತೊಂದು ವರ್ಷದ ಹಿಂದ ನನ್ನ ಮಗಳು ಮಿರ್ಯಾಮಗ ಜ್ವರ ಬಂದಾಗ ನೀವ ಸರಪಳಿ ಕಟ್ಟಿದ್ರಿ. ನನ್ನ ತಾಸಿನ್ಯಾಗ ನನಗ ಜೋಂಪು ಹತ್ತಿತು. ಮೂರು ದಿನದಿಂದ ನಿದ್ದಿ ಇರಲಿಲ್ರೀ. ಎಚ್ಚರಾದಾಗ ಹುಡುಗಿ ಹೋಗಿದ್ಲು. ಎಲ್ಲೋ ಕೊಂಡಿ ಕಳಚೇತಿ ಅಂತ ನೀವಂದ್ರಿ. ನಾನಽ ಆಕಿನ್ನ ಕೊಂದೆ ಅಂತ ಇವತ್ತಿನ ತನಕ ತಿಳಕೊಂಡೀನಿ. ಹಂಗಾದ್ರ ನನ್ನ ನಿದ್ದಿ ಆಕಿನ್ನ ಕೊಲ್ಲಲಿಲ್ಲೇನ್ರೀ?"

ಮಾಸ್ತರರು ಮುಂದಿನಿಂದ ಕಡೇ ಬೆಂಚಿನ ತನಕ ನಡೆದು ಹೋದರು. ಅವಳ ಕಾಲ ಬಳಿ ಮೊಣಕಾಲೂರಿದರು.

"ಇಲ್ಲಕ್ಕಾ. ನಿಮ್ಮ ನಿದ್ದಿ ಕೊಲ್ಲಲಿಲ್ಲ. ನನ್ನ ಮಾತು ನಿಮ್ಮ ಮೂವತ್ತೊಂದು ವರ್ಷ ಕೊಂದತು. ನನ್ನ ಕ್ಷಮಿಸ್ರಿ."

ಮಿರ್ಯಾಮ ಯಾಕೆ ಹೋದಳು ಎಂದು ಅವರು ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ.

ಪ್ರಿಸ್ಕಿಲ್ಲಾ ಎದ್ದು ಬಂದು ಮಗುವನ್ನು ರಾಹೇಲಮ್ಮನ ಮಡಿಲಲ್ಲಿ ಮಲಗಿಸಿದಳು. ಮುದುಕಿ ಬಹಳ ಹೊತ್ತು ಅತ್ತಳು. ಸಭಾಪಾಲಕರು ಕೊನೆಯ ಪ್ರಾರ್ಥನೆ ಶುರು ಮಾಡುವಷ್ಟರಲ್ಲಿ ಮಗು ನಿದ್ದೆ ಹೋಗಿತ್ತು. ಅತ್ತು ಹಗುರಾಗಿದ್ದ ರಾಹೇಲಮ್ಮನೂ ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಪ್ರಾರ್ಥನೆಯ ನಡುವೆಯೇ ಸಣ್ಣಗೆ ಗೊರಕೆ ಕೇಳಿಸಿತು. ಮಾಸ್ತರರು ಅವಳನ್ನು ಎಬ್ಬಿಸಲಿಲ್ಲ. ಪಕ್ಕದಲ್ಲೇ ಕೂತು, ಮೊಬೈಲು ಜೇಬಿನಲ್ಲಿಟ್ಟು, ಕಣ್ಣು ಮುಚ್ಚಿದರು.

ನೀತಿ ಎಂದು ನಾನು ತಿಳಿದದ್ದು ಇಷ್ಟು: ದೇವರ ಕೃಪೆ ನಮ್ಮ ದುಡಿಮೆಗೆ ಸಿಗುವ ಕೂಲಿಯಲ್ಲ, ಕೇಳುವ ಮೊದಲೇ ಕೊಟ್ಟ ಕೊಡುಗೆ. ಅದನ್ನು ಕೂಲಿ ಎಂದು ಸಾರಿದರೆ, ಬರಿಗೈಯಲ್ಲಿ ಉಳಿದವರ ಎದೆಯ ಮೇಲೆ ನಾವು ಕಲ್ಲು ಹೇರಿದಂತೆ. ಪ್ರಾರ್ಥನೆ ಮಾಡೋಣ, ಕೊಟ್ಟವನ ಮುಖ ನೋಡಲಿಕ್ಕಾಗಿ ಮಾಡೋಣ. ಅಂದ ಹಾಗೆ, ಇದನ್ನು ನೀವು ಹನ್ನೊಂದು ಜನರಿಗೆ ಕಳಿಸಬೇಕಾಗಿಲ್ಲ. ಕಳಿಸದಿದ್ದರೆ ನಿಮಗೇನೂ ಆಗುವುದಿಲ್ಲ.