ತಿಪ್ಪೇಶಿ ಪ್ರೊಸೆಸರ್ ತಂದದ್ದು

ನಗೋ ಮನಸ್ಸಿದ್ದರೆ ಹತ್ತಿರ ಬನ್ನಿ, ಕೂತು ಕೇಳಿ. ಚಳ್ಳಕೆರೆಯ ಒಂದು ಬೀದೀಲಿ ಓಬಮ್ಮ ಅಂತ ಒಬ್ಬಳಿದ್ದಳು. ಲಗ್ನಪತ್ರಿಕೆ ಅಚ್ಚು ಹಾಕೋ ಪುಟ್ಟ ಅಂಗಡಿ ಅವಳದು. ಅವಳಿಗೊಬ್ಬನೇ ಮಗ, ತಿಪ್ಪೇಶಿ. ಆಳು ಆರಡಿ, ಮಾತು ಕೇಳೋದರಲ್ಲಿ ಅಪ್ಪಟ ಚಿನ್ನ. ಅದೇ ತೊಂದರೆ! ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ಬಾಗಿಲು ನೋಡ್ಕೊಳ್ಳೋ" ಅಂದರೆ ಬಾಗಿಲನ್ನೇ ನೋಡ್ತಾ ಕೂರೋನು. ಬೆನ್ನ ಹಿಂದೆ ಬೆಕ್ಕು ಹಾಲು ಕುಡಿದು ಮೂತಿ ಒರೆಸಿಕೊಂಡು ಹೋದರೂ ತಿರುಗೋನಲ್ಲ.

"ದೇವರೇ, ಎರಡು ಕಿವಿ ಕೊಟ್ಟೆ, ನಡುವೆ ಏನನ್ನೂ ಇಡೋದು ಮರೆತೆಯಾ!" ಅಂತ ಓಬಮ್ಮ ಹಣೆ ಹಣೆ ಚಚ್ಚಿಕೊಳ್ಳೋಳು.

ಒಂದು ಸೋಮವಾರ ಓಬಮ್ಮನ ಕಂಪ್ಯೂಟರ್ ಠುಸ್ ಅಂದು ಆರಿಹೋಯ್ತು. ಗಾಣದ ಪಾಲಯ್ಯನ ಮಗಳ ಮದುವೆ ಪತ್ರಿಕೆ ಅದರೊಳಗೇ ಸಿಕ್ಕಿಕೊಂಡಿತ್ತು. ಗುರುವಾರಕ್ಕೆ ಮುನ್ನೂರು ಪತ್ರಿಕೆ ಕೈಗೆ ಬರದಿದ್ದರೆ ಪಾಲಯ್ಯ ನೆಂಟರನ್ನ ಕರೆಯೋದು ಹೇಗೆ? ರಿಪೇರಿಯವನು ಬಿಚ್ಚಿ ನೋಡಿ, "ಒಳಗಿನ ದೊಡ್ಡ ಹಲಗೆ, ಮದರ್‌ಬೋರ್ಡು, ಚೆನ್ನಾಗಿದೆ. ಅದರ ಮೇಲೆ ಕೂತಿರೋ ಪ್ರೊಸೆಸರ್ ಸುಟ್ಟಿದೆ. ಬೋರ್ಡಿಗೆ ಹೊಂದೋದನ್ನ ತರಿಸಿ" ಅಂದು ಹೋದ.

ಓಬಮ್ಮನಿಗೆ ಬೇರೆಯವರ ಪತ್ರಿಕೆ ಮಡಿಸೋ ಕೆಲಸ ಬೆಟ್ಟದಷ್ಟಿತ್ತು. "ತಿಪ್ಪೇಶಿ, ಇಸ್ಮಾಯಿಲ್ ಸಾಬರ ಅಂಗಡಿಗೆ ಓಡು. ಬೋರ್ಡು ನೋಡಿ ಪ್ರೊಸೆಸರ್ ತಾ!"

"ಸರಿ ಕಣಮ್ಮ!"

ಓಡಿದ. ಅಂಗಡಿ ಮುಂದೆ ನಿಂತು ತಲೆ ಎತ್ತಿ ಬೋರ್ಡು ನೋಡಿದ. ಆಮೇಲೆ ಒಳಗೆ ಹೋಗಿ ಪ್ರೊಸೆಸರ್ ಕೇಳಿದ.

"ಯಾವ ಬೋರ್ಡಿಗಪ್ಪಾ?" ಅಂದರು ಸಾಬರು.

"ನೋಡಿದೀನಿ ಸಾಬ್ರೇ! ಹಸಿರು ಬಣ್ಣ, ಬಲು ಚೆಂದ!"

ಹಸಿರು ಬೋರ್ಡುಗಳಿಗೇನು ಬರವೇ? ಸಾಬರು ಯಾವುದೋ ಒಂದು ಕೊಟ್ಟರು. ಮನೆಗೆ ತಂದರೆ ಕೂರಲೇ ಇಲ್ಲ!

"ಅಯ್ಯೋ ಬೆಪ್ಪೇ! ಅಂಗಡಿ ಬೋರ್ಡು ನೋಡಿ ಬಂದ್ಯಾ? ಅಲ್ಲೇ ಕೂರಿಸಿ ನೋಡಬಾರದಿತ್ತಾ? ಕೂತರೆ ತಗೋಬೇಕು, ಕೂರದಿದ್ದರೆ ಬಿಡಬೇಕು!"

"ಸರಿ ಕಣಮ್ಮ!"

ಮಂಗಳವಾರ ಮತ್ತೆ ಓಡಿದ. ನಿನ್ನೆ ತಂದದ್ದನ್ನ ವಾಪಸ್ ಕೊಟ್ಟ, ಬೇರೆ ಕೇಳಿದ. ಸಾಬರು ಕೊಟ್ಟದ್ದನ್ನ ಗಿರಾಕಿಗಳ ಕುರ್ಚಿ ಮೇಲಿಟ್ಟು, ಎದುರಿಗೆ ಮಂಡಿಯೂರಿ ಕಣ್ಣು ಮಿಟುಕಿಸದೆ ನೋಡಿದ. ಪ್ರೊಸೆಸರ್ ಅಲುಗಾಡಲಿಲ್ಲ.

"ಕೂತಿತು ಸಾಬ್ರೇ! ನನಗಿಂತ ಚೆನ್ನಾಗಿ ಕೂತಿತು!" ಅಂತ ಕುಣೀತಾ ಮನೆಗೆ ಬಂದು ಅಮ್ಮನಿಗೂ ಕುರ್ಚಿ ಕಥೆ ಹೇಳಿದ.

"ಕುರ್ಚಿ ಮೇಲೆ ಕೂರೋಕೆ ಅದೇನು ಬೀಗರಾ?" ಓಬಮ್ಮ ಕಿರುಚಿದಳು. "ಇಲ್ಲಿ ಕೇಳು. ನಮ್ಮ ಬೋರ್ಡಿನ ನಂಬರು ಸಾವಿರದ ನೂರ ಐವತ್ತೊಂದು. ಪ್ರೊಸೆಸರಿನದೂ ಒಂದು ನಂಬರಿರುತ್ತೆ. ಎರಡನ್ನೂ ಕೂಡಿಸಿ ನೋಡು. ಕೂಡಿದರೆ ತಾ!"

"ಸರಿ ಕಣಮ್ಮ!"

ದಾರಿಯುದ್ದಕ್ಕೂ ನಂಬರು ಜಪಿಸ್ತಾ ಹೋದ. "ಸಾಬ್ರೇ, ಇದರ ನಂಬರೆಷ್ಟು?"

"ಸಾವಿರದ ಇನ್ನೂರು."

ತಿಪ್ಪೇಶಿ ಚೀಟಿ ತೆಗೆದ, ಬೆರಳು ಎಣಿಸಿದ, ನಾಲಿಗೆ ಕಚ್ಚಿ ಎರಡು ಸಲ ತಾಳೆ ನೋಡಿದ. ಸರಿಯಾಗಿ ಕೂಡಿತು! ಮನೆ ಹೊಸಿಲಲ್ಲೇ ಕೂಗಿದ, "ಅಮ್ಮಾ, ಎರಡು ಸಾವಿರದ ಮುನ್ನೂರ ಐವತ್ತೊಂದು! ಒಂದೂ ತಪ್ಪಿಲ್ಲ!"

ಓಬಮ್ಮ ಅಲ್ಲೇ ನೆಲಕ್ಕೆ ಕೂತಳು. "ಎರಡು ದಿನ ಹೋಯ್ತಲ್ಲೋ! ಪಾಲಯ್ಯನಿಗೆ ಯಾವ ಮುಖ ತೋರಿಸಲಿ? ಎರಡೂ ನಂಬರು ಒಂದೇ ಇರಬೇಕು ಕಣೋ, ಒಂದೇ!"

ಅವಳ ಕಣ್ಣಲ್ಲಿ ನೀರು ಕಂಡು ತಿಪ್ಪೇಶಿ ಅವಳ ಸೆರಗಿನಿಂದಲೇ ಒರೆಸಿದ. ಈ ಸಲ ತಪ್ಪಬಾರದು ಅಂದುಕೊಂಡ. ಬುಧವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಮೊದಲೇ ಹೋಗಿ ನಿಂತ. ಬರುವಾಗ ಒಂದು ಕಂಕುಳಲ್ಲಿ ಒಂದು ಮದರ್‌ಬೋರ್ಡು, ಇನ್ನೊಂದು ಕಂಕುಳಲ್ಲಿ ಇನ್ನೊಂದು ಮದರ್‌ಬೋರ್ಡು!

"ಎರಡೂ ಒಂದೇ ನಂಬರು ಕಣಮ್ಮ!"

ಓಬಮ್ಮ ಮಡಿಸ್ತಿದ್ದ ಪತ್ರಿಕೆ ಬಿಟ್ಟು ಎದ್ದಳು. ತಮ್ಮ ಬೋರ್ಡನ್ನ ಚೀಲಕ್ಕೆ ಹಾಕಿದಳು, ಅವನ ಎರಡನ್ನೂ ಅವನ ಕೈಗೇ ಕೊಟ್ಟಳು, ಕಿವಿ ಹಿಡಿದು ಅಂಗಡಿಗೆ ಎಳೆದುಕೊಂಡು ಹೋದಳು.

ಸಾಬರು ನಕ್ಕೂ ನಕ್ಕೂ ಕನ್ನಡಕ ಒರೆಸಿಕೊಂಡರು. ಆಮೇಲೆ ಸರಿಯಾದ ಪ್ರೊಸೆಸರ್ ತೆಗೆದು ಬೋರ್ಡಿನ ಗೂಡಿಗಿಟ್ಟರು. ಟಿಕ್! ಕೂತೇ ಬಿಟ್ಟಿತು.

"ನೋಡಪ್ಪಾ ತಿಪ್ಪೇಶಿ, ಇದರ ತಲೆ ಬಿಸಿಯಾಗುತ್ತೆ. ತಲೆಗೆ ಪೇಸ್ಟ್ ಹಚ್ಚಬೇಕು, ಮೇಲೆ ಫ್ಯಾನ್ ಕೂರಿಸಬೇಕು, ಆಮೇಲೇ ಆನ್ ಮಾಡಬೇಕು" ಅಂತ ಸಾಬರು ತಾವೇ ಎಲ್ಲ ಮಾಡಿ ತೋರಿಸಿದರು.

"ನೆನಪಿಟ್ಕೋ!" ಅಂದಳು ಓಬಮ್ಮ.

"ಸರಿ ಕಣಮ್ಮ!"

ಗುರುವಾರ ಮಧ್ಯಾಹ್ನಕ್ಕೆ ಮುನ್ನೂರು ಪತ್ರಿಕೆ ಗರಿಗರಿಯಾಗಿ ಹೊರಗೆ ಬಂದವು. ಓಬಮ್ಮ ನಾಲ್ಕು ದಿನದ ಮೇಲೆ ನಕ್ಕಳು. ಮಗನ ತಟ್ಟೆಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿದಳು. "ಪಾಲಯ್ಯ ಬಂದರೆ ಎಬ್ಬಿಸು. ತಲೆ ಬಿಸಿಯಾಗಿ ಸಾಕಾಗಿದೆ ಕಣೋ" ಅಂದು ಚಾಪೆ ಮೇಲೆ ಉರುಳಿಕೊಂಡಳು. ನಿದ್ದೆ ಅಂದರೆ ನಿದ್ದೆ, ಪಕ್ಕದಲ್ಲಿ ತಮಟೆ ಬಡಿದರೂ ಏಳದ ನಿದ್ದೆ.

ಸ್ವಲ್ಪ ಹೊತ್ತಿಗೆ ಪಾಲಯ್ಯ ಬಂದ. ಬಾಗಿಲಲ್ಲೇ ಬೆಚ್ಚಿ ನಿಂತ. ಓಬಮ್ಮನ ತಲೆ ಹಣೆಯಿಂದ ತುರುಬಿನವರೆಗೂ ಹಲ್ಲುಜ್ಜೋ ಪೇಸ್ಟು! ತಲೆದೆಸೆಯಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಟೇಬಲ್ ಫ್ಯಾನು ಗರ್‍ರೆಂದು ತಿರುಗ್ತಿದೆ. ತಿಪ್ಪೇಶಿ ಪಕ್ಕದಲ್ಲಿ ಕೂತು ಅಮ್ಮನ ಕಿವಿ, ಮೂಗು, ಗಲ್ಲ ಒಂದೊಂದಾಗಿ ಒತ್ತಿ ನೋಡ್ತಿದಾನೆ.

"ಲೋ ತಿಪ್ಪೇಶಿ! ಏನೋ ಇದು?"

"ಶ್! ಮೆಲ್ಲಗೆ ಪಾಲಣ್ಣ. ಪೇಸ್ಟ್ ಹಚ್ಚಾಯ್ತು, ಫ್ಯಾನ್ ಕೂರಿಸಾಯ್ತು. ಅಮ್ಮನ್ನ ಆನ್ ಮಾಡೋ ಗುಂಡಿ ಎಲ್ಲಿದೆ ಅಂತ ಸಾಬರನ್ನ ಕೇಳೋದೇ ಮರೆತೆ!"