ಮೂರು ಹಿಡಿ ಜೋಳ

ಹೊಳೆಬೇವೂರಿನ ಮಠಕ್ಕೆ ಗೋಪುರವಿರಲಿಲ್ಲ, ಬೆಳ್ಳಿಯ ಬಾಗಿಲೂ ಇರಲಿಲ್ಲ. ಮಲಪ್ರಭೆಯ ದಂಡೆಯಲ್ಲಿ ಎರಡು ಅಂಕಣದ ಮಣ್ಣಿನ ಮನೆ, ಅದಕ್ಕೆ ಹೊಂದಿಕೊಂಡು ದಾಸೋಹದ ಚಪ್ಪರ, ಅಷ್ಟೇ. ಆ ಚಪ್ಪರದ ಮೂಲೆಯಲ್ಲಿ ಪೂಜ್ಯ ಗುರುಸಿದ್ಧಮ್ಮ ತಾಯಿಯವರು ಬೀಸುವ ಕಲ್ಲಿನ ಮುಂದೆ ಕುಳಿತಿರುತ್ತಿದ್ದರು. ಬಂದವರಿಗೆ ಬಡಿಸುವ ರೊಟ್ಟಿಯ ಹಿಟ್ಟನ್ನು ತಮ್ಮ ಕೈಯಾರೆ ಬೀಸುವುದು ಅವರ ನಿತ್ಯವ್ರತ. ಎಪ್ಪತ್ತು ದಾಟಿದ ಆ ಕೈ ಕಲ್ಲಿನ ಗೂಟ ಹಿಡಿಯಿತೆಂದರೆ ಲಿಂಗಪೂಜೆಗೆ ಕುಳಿತಾಗಿನ ಪ್ರಸನ್ನತೆಯೇ ಮುಖದಲ್ಲಿ ನೆಲೆಸುತ್ತಿತ್ತು. ಸುತ್ತಲಿನ ಹಳ್ಳಿಗರು ಅವರನ್ನು ಪ್ರೀತಿಯಿಂದ 'ಬೀಸೋ ಅವ್ವ' ಎನ್ನುತ್ತಿದ್ದರು.

ಒಂದು ಮುಂಜಾನೆ ಮಠದ ಅಂಗಳಕ್ಕೆ ಚಾಪೆಯ ಮರೆ ಕಟ್ಟಿದ ಬಂಡಿಯೊಂದು ಬಂದು ನಿಂತಿತು. ಅದರಿಂದ ಇಳಿದವರು ರೇವಪ್ಪಯ್ಯ ಪಂಡಿತರು. ಹತ್ತೂರಿಗೆ ಹೆಸರಾದ ವೈದ್ಯರು; ನಾಡಿ ಹಿಡಿದರೆ ರೋಗಿ ಬಾಯಿ ಬಿಡುವ ಮೊದಲೇ ರೋಗ ಹೇಳುವಂಥವರು. ಸಾಧುಸಂತರನ್ನು ಹುಡುಕಿಕೊಂಡು ಹೋಗುವ ಸ್ವಭಾವ ಅವರದಲ್ಲ. ಬಂಡಿಯೊಳಗೆ ಹಾಸಿಗೆಯ ಮೇಲೆ ಮಲಗಿದ್ದ ಮಗಳು ಶಿವಕ್ಕ ಹಟ ಹಿಡಿದಿದ್ದರಿಂದ ಮಾತ್ರ ಬಂದಿದ್ದರು.

ಎರಡು ವರ್ಷದ ಹಿಂದೆ ಹೆರಿಗೆಯಾದ ಮೇಲೆ ಶಿವಕ್ಕನಿಗೆ ಜ್ವರ ಬಂದಿತ್ತು. ತಂದೆಯ ಔಷಧದಿಂದಲೇ ಇಪ್ಪತ್ತು ದಿನಕ್ಕೆ ಜ್ವರ ಇಳಿಯಿತು. ಆದರೆ ಪಂಡಿತರು ಮಗಳನ್ನು ಹಾಸಿಗೆಯಿಂದ ಏಳಗೊಡಲಿಲ್ಲ. ಕಿಟಕಿ ಮುಚ್ಚಿಸಿದರು, ಗಂಜಿಯನ್ನು ಚಮಚದಲ್ಲಿ ಕುಡಿಸಿದರು. ತಿಂಗಳುಗಳು ಕಳೆದ ಮೇಲೆ ಎದ್ದು ನಿಂತರೆ ಅವಳಿಗೆ ತಲೆ ಸುತ್ತತೊಡಗಿತು, ನಾಲ್ಕು ಹೆಜ್ಜೆಗೆ ಎದೆ ಹೊಡೆದುಕೊಳ್ಳತೊಡಗಿತು. ಇನ್ನೂ ನಿಶ್ಶಕ್ತಿ ಇದೆ ಎಂದು ತಂದೆ ಇನ್ನಷ್ಟು ದಿನ ಮಲಗಿಸಿದರು. ಮಲಗಿದಷ್ಟೂ ನಿಶ್ಶಕ್ತಿ ಬೆಳೆಯಿತು. ಮಗು ಗಂಡನ ಮನೆಯಲ್ಲಿ ಅಜ್ಜಿಯ ಕೈಯಲ್ಲಿ ಬೆಳೆಯುತ್ತಿತ್ತು. ಕರೆತಂದಾಗಲೂ ಹಾಸಿಗೆಯಲ್ಲಿದ್ದ ತಾಯಿಯ ಗುರುತು ಹತ್ತದೆ ಮುಖ ತಿರುಗಿಸಿಕೊಳ್ಳುತ್ತಿತ್ತು.

ಇಬ್ಬರು ಹಿಡಿದುಕೊಂಡು ಶಿವಕ್ಕನನ್ನು ಚಪ್ಪರದೊಳಗೆ ತಂದು ಕೂರಿಸಿದರು. ತಾಯಿಯವರು ಕಲ್ಲು ನಿಲ್ಲಿಸಿದರು.

"ಏನು ಬೇಕವ್ವಾ ನಿನಗ?"

"ನನ್ನ ಮಗಳನ್ನ ಎತ್ತಿಕೊಳ್ಳಬೇಕು, ತಾಯಿ," ಎಂದಳು ಶಿವಕ್ಕ. ಅಷ್ಟು ಹೇಳುವಷ್ಟರಲ್ಲಿ ಉಸಿರು ಮೇಲೆ ಬಂತು.

ತಾಯಿಯವರು ಪಂಡಿತರತ್ತ ತಿರುಗಿದರು. "ಈಗ ಜ್ವರ ಐತೇನ್ರೀ? ಕೆಮ್ಮು? ಎದಿಯೊಳಗ ಏನರ ದೋಷ?"

"ಯಾವುದೂ ಇಲ್ಲ. ನಿಶ್ಶಕ್ತಿ ಒಂದೇ."

ತಾಯಿಯವರು ಶಿವಕ್ಕನನ್ನು ಕಲ್ಲಿನ ಎದುರುಬದಿಗೆ ಕರೆದರು. ಪಕ್ಕದ ಬುಟ್ಟಿಯಿಂದ ಮೂರು ಹಿಡಿ ಜೋಳ ತೆಗೆದು ಅವಳ ಮುಂದಿಟ್ಟರು. "ಇಷ್ಟು ಬೀಸು ಮಗಳ. ನಾನೂ ಗೂಟ ಹಿಡೀತೀನಿ."

ಪಂಡಿತರಿಗೆ ತಡೆಯಲಾಗಲಿಲ್ಲ. "ಏನು ಮಾಡಾಕ ಹತ್ತೀರಿ ತಾಯಿ? ಎದ್ದು ಕುಂತರ ಎದಿ ಹೊಡಕೋತದ ಈಕಿಗೆ. ಇದನ್ನ ಬೀಸಿದರ ನಾಡಿ ಏರತದ!"

"ಏರಲಿ. ಏರಿದ್ದು ಇಳೀತದೋ ಇಲ್ಲೋ ನೋಡೋಣು. ನಾಡಿ ನೀವೇ ಹಿಡೀರಿ, ಪಂಡಿತ್ರ."

ಹೀಗೆ ಮಗಳ ಎಡಗೈಯ ನಾಡಿಯ ಮೇಲೆ ತಂದೆಯ ಬೆರಳು, ಬಲಗೈಯ ಮೇಲೆ ಶ್ರೀತಾಯಿಯವರ ಕೈ. ಕಲ್ಲು ತಿರುಗಿತು. ಪಂಡಿತರ ಬೆರಳಿನ ಕೆಳಗೆ ನಾಡಿ ಓಡಿತು. ಅವರ ಹಣೆಯಲ್ಲೂ ಬೆವರು ಒಡೆಯಿತು. ಮೂರು ಹಿಡಿ ಮುಗಿಯುವಷ್ಟರಲ್ಲಿ ಶಿವಕ್ಕ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ಪಂಡಿತರು ತಮ್ಮ ಉಸಿರುಗಳನ್ನು ಎಣಿಸುತ್ತ ಕುಳಿತರು. ಇನ್ನೂರು ಉಸಿರಿನ ಮೇಲೆ ನಾಡಿ ಮೊದಲಿನ ನಡಿಗೆಗೆ ಬಂತು. ಕಂಬಕ್ಕೆ ಒರಗಿದ್ದ ಮಗಳು ಕಣ್ಣು ತೆರೆದು, "ಅಪ್ಪಾ, ಹಸಿವಿ ಆಗೇದ," ಎಂದಳು. ಎರಡು ವರ್ಷದಲ್ಲಿ ಅವಳು ತಾನಾಗಿ ಆ ಮಾತು ಆಡಿದ್ದು ಅದೇ ಮೊದಲು.

ತಾಯಿಯವರ ಅಪ್ಪಣೆಯಂತೆ ತಂದೆಮಗಳು ಮಠದಲ್ಲೇ ಉಳಿದರು. ಮುಂಜಾನೆ ಬೀಸುವುದು, ಮಧ್ಯಾಹ್ನ ಊಟ ಮಾಡಿ ಮಲಗುವುದು, ಸಂಜೆ ಹೊಳೆಯ ಕಡೆಗೆ ಒಂದಷ್ಟು ಹೆಜ್ಜೆ. ನಾಲ್ಕು ದಿನಕ್ಕೊಮ್ಮೆ ಒಂದೇ ಹಿಡಿ ಜೋಳ ಹೆಚ್ಚುತ್ತಿತ್ತು. ಪಂಡಿತರು ದಿನವೂ ನಾಡಿ ಹಿಡಿದು ಎಣಿಸುತ್ತಿದ್ದರು. ನಾಡಿ ಇಳಿಯಲು ಇನ್ನೂರು ಉಸಿರು ಬೇಕಾಗಿದ್ದದ್ದು ನೂರೆಪ್ಪತ್ತಾಯಿತು, ನೂರಾನಲವತ್ತಾಯಿತು. ಜೋಳ ಹೆಚ್ಚಿದರೂ ನಾಡಿ ಬೇಗ ಇಳಿಯುತ್ತಿತ್ತು. ಅವರಿಗೆ ಆಶ್ಚರ್ಯವಾಯಿತು.

ಹದಿಮೂರನೆಯ ದಿನ ಶಿವಕ್ಕ ಉತ್ಸಾಹ ತಡೆಯಲಾರದೆ, ತಾಯಿಯವರು ಪೂಜೆಗೆ ಎದ್ದುಹೋದಾಗ ಇಡೀ ಮೊರದ ಜೋಳವನ್ನು ಒಬ್ಬಳೇ ಬೀಸಿಬಿಟ್ಟಳು. ಮರುದಿನ ಏಳಲಾಗಲಿಲ್ಲ. ರಟ್ಟೆ ಬಾತಿತ್ತು, ಮುಖ ಬಿಳಿಚಿತ್ತು.

ಪಂಡಿತರು ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ ಹಾಸಿಗೆಯನ್ನು ಸುತ್ತಿ ಕಟ್ಟಿದರು. ಎತ್ತುಗಳನ್ನು ನೊಗಕ್ಕೆ ಹೂಡಿ ಚಪ್ಪರಕ್ಕೆ ಬಂದರು.

"ನಾವು ಹೊರಟಿವ್ರೀ. ಈಕಿ ತಾಯಿ ಹಿಂಗ ಹೋದಳು. ಜ್ವರ ಬಂದು ಮಲಗಿದಾಕಿ, ನಾನು ಬ್ಯಾರೆ ಊರಾಗ ರೋಗಿ ನೋಡಾಕ ಹೋದಾಗ, ಕೊಡ ಹೊತ್ತುಕೊಂಡು ಬಾವಿಗೆ ಹೋಗಿದ್ದಳು. ಬಾವಿ ಕಟ್ಟಿ ಮ್ಯಾಲ ಬಿದ್ದಾಕಿ ಏಳಲಿಲ್ಲ. ಊರ ಮಂದಿಗೆ ಔಷಧ ಕೊಟ್ಟವನ ಹೆಂಡತಿ! ಇಪ್ಪತ್ತು ವರ್ಷ ಆತು. ಮಗಳನ್ನೂ ಹಂಗ ಕಳಕೊಳ್ಳಾಕ ನನ್ನಿಂದ ಆಗೂದಿಲ್ಲ."

ಎದ್ದು ಬಂದು, ವಯಸ್ಸಿನಲ್ಲಿ ಹಿರಿಯರಾದ ಆ ಮಹಾತಾಯಿ ಮಗನನ್ನು ಮುಟ್ಟುವಂತೆ ಪಂಡಿತರ ಭುಜ ಮುಟ್ಟಿದರು.

"ಅಪ್ಪಾ, ನಿನ್ನ ಹೆಂಡತಿ ಜ್ವರದಾಗ ಎದ್ದಳು. ನಿನ್ನ ಮಗಳಿಗೆ ಜ್ವರ ಬಿಟ್ಟು ಎರಡು ವರ್ಷ ಆತು."

ಪಂಡಿತರು ಮಗಳಿದ್ದ ಕಡೆ ತಿರುಗಿ ನೋಡಿದರು. ತಾಯಿಯವರು ಮಾತು ಮುಂದುವರಿಸಿದರು.

"ವಿಶ್ರಾಂತಿ ಔಷಧ, ಖರೇ. ನಿನ್ನಿ ಈಕಿ ಮಿತಿ ಮೀರಿ ಬೀಸಿದಳು. ಇವತ್ತು ಆ ಔಷಧ ಕೊಡು. ಆದರ ಔಷಧನ್ನೇ ಮೂರು ಹೊತ್ತು ಊಟ ಮಾಡಿಸಿದರ ಮನುಷ್ಯಾ ಬದುಕೂದು ಹ್ಯಾಂಗ? ದೇಹಕ್ಕ ತಡಕೊಳ್ಳುವಷ್ಟು ಭಾರ ಬೇಕು. ಅದನ್ನ ಹೊತ್ತ ಮ್ಯಾಲ ಇಳಿಸಾಕ ಜಾಗಾನೂ ಬೇಕು."

ಇಪ್ಪತ್ತು ವರ್ಷಗಳಿಂದ ತಾವು ಮಗಳಿಗೆ ಕೊಡುತ್ತ ಬಂದದ್ದು ತಮ್ಮ ಭಯವನ್ನೇ ಎಂಬುದು ಆಗ ರೇವಪ್ಪಯ್ಯನವರಿಗೆ ಹೊಳೆಯಿತು. ಹೆಂಡತಿ ಸತ್ತ ದಿನ ಊರವರ ಎದುರು ಅಳದಿದ್ದ ಆ ಮನುಷ್ಯ, ಬೀಸುವ ಕಲ್ಲಿನ ಪಕ್ಕ ಕುಳಿತು ಮಗುವಿನಂತೆ ಅತ್ತುಬಿಟ್ಟರು. ತಾಯಿಯವರು ಅವರ ಅಳು ಮುಗಿಯುವವರೆಗೆ ಹತ್ತಿರ ಕುಳಿತಿದ್ದರು. ಆಮೇಲೆ ಪಂಡಿತರು ಕಣ್ಣೊರೆಸಿಕೊಂಡು ಹೊರಗೆ ಹೋಗಿ ಎತ್ತುಗಳ ಕೊರಳಿನಿಂದ ನೊಗ ಇಳಿಸಿದರು.

ಎರಡು ದಿನ ಶಿವಕ್ಕ ಮಲಗಿ ದಣಿವಾರಿಸಿಕೊಂಡಳು. ಮೂರನೆಯ ದಿನ ಅವಳ ಮುಂದೆ ಜೋಳ ಅಳೆದು ಇಟ್ಟವರು ತಂದೆಯೇ.

ಮೂರು ತಿಂಗಳಾಯಿತು. ಶಿವಕ್ಕ ಒಬ್ಬಳೇ ಎರಡು ಸೇರು ಜೋಳ ಬೀಸಿ, ಹೊಳೆಗೆ ಹೋಗಿ ಬಟ್ಟೆ ಒಗೆದು ಬರುವಷ್ಟಾದಳು. ಎದೆ ಹೊಡೆದುಕೊಂಡರೆ ಅವಳಿಗೀಗ ಹೆದರಿಕೆಯಾಗುತ್ತಿರಲಿಲ್ಲ. ಕೆಲಸಕ್ಕೆ ಇಳಿದ ಎದೆ ಹಾಗೆ ಹೊಡೆದುಕೊಳ್ಳುತ್ತದೆ, ಕುಳಿತರೆ ಸುಮ್ಮನಾಗುತ್ತದೆ ಎಂಬುದು ದೇಹಕ್ಕೇ ತಿಳಿದುಹೋಗಿತ್ತು.

ಆಗ ಅವಳ ಗಂಡ ಮಗುವನ್ನು ಕರೆದುಕೊಂಡು ಬಂದ. ಹೊಸ ಜಾಗ, ಹೊಸ ಮುಖಗಳು. ಮಗು ಅಂಗಳದಲ್ಲೇ ಕುಳಿತು ಬಿಕ್ಕತೊಡಗಿತು. ಶಿವಕ್ಕ ಸೆರಗು ಸಿಕ್ಕಿಸಿಕೊಂಡು ಹೋದಳು, ಬಾಗಿ ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಮಗು ಕೊಸರಾಡಿತು, ಕೂಗಾಡಿತು. ಅವಳು ಬಿಡಲಿಲ್ಲ. ಹೊಳೆಯ ದಾರಿ ಹಿಡಿದು ನಡೆಯುತ್ತ ಹೋದಳು. ತಿರುಗಿ ಬರುವಾಗ ಮಗು ಅವಳ ಹೆಗಲಿನ ಮೇಲೆ ಕೆನ್ನೆಯಿಟ್ಟು ನಿದ್ದೆಹೋಗಿತ್ತು.

ಮಗಳ ಮುಖದಲ್ಲಿ ಬೆವರು ಕಂಡು ಪಂಡಿತರ ಎರಡೂ ಕೈಗಳು ಮಗುವನ್ನು ಇಳಿಸಿಕೊಳ್ಳಲು ತಾವಾಗಿಯೇ ಮುಂದೆ ಚಾಚಿಕೊಂಡವು. ಅರ್ಧಕ್ಕೆ ತಡೆದರು. ಆ ಕೈಗಳನ್ನು ಹಾಗೆಯೇ ಜೋಡಿಸಿ ಶ್ರೀತಾಯಿಯವರಿಗೆ ನಮಸ್ಕರಿಸಿದರು.

ರೇವಪ್ಪಯ್ಯ ಪಂಡಿತರು ಆಮೇಲೂ ಬಹಳ ವರ್ಷ ವೈದ್ಯವೃತ್ತಿ ಮಾಡಿದರು. ಜ್ವರದಲ್ಲಿದ್ದವರನ್ನು ಕಟ್ಟುನಿಟ್ಟಾಗಿ ಮಲಗಿಸುತ್ತಿದ್ದರು. ಜ್ವರ ಬಿಟ್ಟ ಮೇಲೆ ಮಾತ್ರ ರೋಗಿಯ ಮನೆಗೆ ಕರೆಯದಿದ್ದರೂ ಹೋಗುತ್ತಿದ್ದರು. ಕಿಟಕಿ ತೆರೆಸಿ, ಹಾಸಿಗೆಯ ಬಳಿ ನಿಂತು ಕೈಚಾಚಿ, "ಏಳ್ರಿ, ಅಂಗಳದ ತನಕ ಹೋಗಿ ಬರೋಣು. ನಾಡಿ ನಾನು ಹಿಡಕೊಂಡಿರತೀನಿ," ಎನ್ನುತ್ತಿದ್ದರು.