ಅವ್ವನ ಮೂರು ವರ್ಷ ಕಟ್ಟಿ ಬಂದ ದುಂಡಮಾದ

ಕುಂತ್ಕೊಳ್ಳಿ, ಹೇಳ್ತೀನಿ. ನಮ್ಮ ಕಡೆ ಒಬ್ಬ ತಾಯಿ, ಒಬ್ಬ ಮಗ ಇದ್ದರು. ತಾಯಿಗೆ ಯಾರ ಮೇಲೂ ನಂಬಿಕೆ ಇಲ್ಲ. ಮಗನಿಗೆ ತಾಯಿಯ ಮಾತೊಂದನ್ನು ಬಿಟ್ಟು ಬೇರೆ ಯಾವುದರ ಮೇಲೂ ನಂಬಿಕೆ ಇಲ್ಲ. ಅದರಿಂದ ಏನೇನಾಯಿತು ಅನ್ನೋದೇ ಈ ಕತೆ.

ತಾಯಿಯ ಹೆಸರು ಕೆಂಪಾಜಮ್ಮ. ರೇಷ್ಮೆ ಕಾರ್ಖಾನೆಯಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದವಳು. ಹಾಲಿನವನು ಬಂದರೆ ಅಳತೆಯ ಲೋಟದೊಳಗೆ ಇಣುಕಿ ನೋಡುವಳು. ತರಕಾರಿಯವನು ಬಂದರೆ ತಕ್ಕಡಿಯನ್ನು ಮಗುಚಿ ನೋಡುವಳು. ಯಾರಾದರೂ ನಕ್ಕು ಮಾತಾಡಿಸಿದರೆ, ಇವನಿಗೆ ಏನು ಬೇಕಂತೆ ಅಂತ ಯೋಚಿಸುವಳು.

ಮಗನ ಹೆಸರು ದುಂಡಮಾದ. ಊರೆಲ್ಲ ದುಂಡ ಅನ್ನೋರು. ಮೂವತ್ತನಾಲ್ಕು ವರ್ಷ, ಗಟ್ಟಿ ಮೈ, ಕೆಲಸಗಳ್ಳನಲ್ಲ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು. ‘ಹಾಲು ಉಕ್ಕುತ್ತೆ, ನೋಡ್ತಿರು’ ಅಂದರೆ, ಉಕ್ಕಿ ಒಲೆ ಆರುವ ತನಕ ನೋಡುತ್ತಲೇ ಕೂರುವನು.

ಒಂದು ದಿನ ಪಟ್ಟಣದ ಪಿಂಚಣಿ ಆಫೀಸಿನಿಂದ ಕೆಂಪಾಜಮ್ಮನಿಗೆ ಕಾಗದ ಬಂತು. ಪಕ್ಕದ ಮನೆಯ ಲಿಂಗಾಜಮ್ಮ ಓದಿದಳು. ಅವಳೂ ಅದೇ ಕಾರ್ಖಾನೆಯಲ್ಲಿ ದುಡಿದವಳು.

“ಕೆಂಪಾಜಿ, ನಿನ್ನ ಲೆಕ್ಕದಲ್ಲಿ ಹದಿನೇಳು ವರ್ಷ ಅದೆ. ಇಪ್ಪತ್ತು ತುಂಬಿದ್ರೆ ಪೂರ್ತಿ ಪಿಂಚಣಿ. ನಡುವೆ ಮೂರು ವರ್ಷ ಖಾಲಿ ಬಿದ್ದದೆ. ಆ ಮೂರು ವರ್ಷದ್ದು ಹದಿನೆಂಟು ಸಾವಿರ, ಅರವತ್ತು ತುಂಬೋದರೊಳಗೆ ನೀನೇ ಸ್ವಂತ ಇಚ್ಛೆಯಿಂದ ಕಟ್ಟಿದ್ರೆ ಸಾಯೋ ತನಕ ಪೂರ್ತಿ ಬರುತ್ತೆ. ಕಟ್ಟದಿದ್ರೆ ಅರ್ಧ.”

“ಸ್ವಂತ ಇಚ್ಛೆ ಅಂತ ಬರೆದವ್ರಾ?”

“ಹಂಗೇ ಬರೆದವ್ರೆ.”

“ಹಂಗಾದ್ರೆ ಇದ್ರಲ್ಲಿ ಏನೋ ಮಸಲತ್ತು ಅದೆ. ಸರ್ಕಾರ ಯಾವತ್ತು ನನ್ನ ಇಚ್ಛೆ ಕೇಳಿತ್ತು?”

ಲಿಂಗಾಜಮ್ಮ ತಾನೂ ಎರಡು ವರ್ಷದ್ದು ಹೀಗೇ ಕಟ್ಟಿದ್ದಳು. ಮನೆಗೆ ಹೋಗಿ ಪಾಸ್‌ಬುಕ್ ತಂದು ತೋರಿಸಿದಳು. ಕೆಂಪಾಜಮ್ಮ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು, ಅಂಕಿಗಳ ಮೇಲೆ ಹೆಬ್ಬೆರಳು ಉಜ್ಜಿ ನೋಡಿದಳು. ಅಳಿಸಿಹೋಗಲಿಲ್ಲ. ಆಮೇಲೆ ಅರ್ಧ ನಂಬಿದಳು.

ಅರವತ್ತು ತುಂಬಲು ಇಪ್ಪತ್ತೆರಡು ದಿನ ಉಳಿದಿತ್ತು. ತಾನೇ ಹೋಗೋಣವೆಂದರೆ, ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದು ಮೊಣಕಾಲ ತನಕ ಪಟ್ಟಿ ಹಾಕಿದ್ದರು. ದುಂಡನನ್ನು ಬಿಟ್ಟರೆ ಕಳಿಸಲು ಯಾರೂ ಇಲ್ಲ.

“ಮಗ, ಹೋಗಿ ವಿಚಾರಿಸ್ಕೊಂಡು ಬಾ. ಅಲ್ಲಿ ಎಲ್ಲ ಘಾಟಿಗಳು. ಯಾರು ಏನು ಕೇಳಿದ್ರೂ ಬಾಯಿ ಬಿಡಬೇಡ. ಅವರು ಹೇಳಿದ್ದನ್ನ ಕಿವಿಗೆ ಹಾಕ್ಕೊಂಡು ಬಾ.”

“ಹೂಂ ಕಣವ್ವ,” ಅಂದ ದುಂಡ. ಹೋದ.

ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಅಂದ. ದುಂಡ ಬಾಯಿ ಬಿಡಲಿಲ್ಲ. ಕಂಡಕ್ಟರು ಬೈದು ಕಡೇ ಸ್ಟಾಪಿನ ಟಿಕೆಟ್ಟು ಹರಿದ. ಆಫೀಸಿನಲ್ಲಿ ನಸೀಮಾ ಮೇಡಂ ಅಂತ ಇದ್ದರು, ಪಿಂಚಣಿಯ ಕೆಲಸ ನೋಡುವವರು. ಹೆಸರೇನಪ್ಪ ಅಂದರು. ಬಾಯಿ ಬಿಡಲಿಲ್ಲ. ಯಾರ ವಿಷಯಕ್ಕೆ ಬಂದೆ ಅಂದರು. ಬಾಯಿ ಬಿಡಲಿಲ್ಲ. ಪಾಪ ಅನ್ನಿಸಿತು ಅವರಿಗೆ. ಒಂದು ಫಾರಂ ತೆಗೆದು, ಎಲ್ಲಿ ಸಹಿ ಹಾಕಬೇಕೆಂದು ಕೈಸನ್ನೆ ಮಾಡಿ ತೋರಿಸಿ ಕಳಿಸಿದರು.

ದುಂಡ ಮನೆಗೆ ಬಂದಾಗ ಎಡಗಿವಿಯಿಂದ ಕಾಗದದ ಸುರುಳಿ ಇಣುಕುತ್ತಿತ್ತು.

“ಏನ್ಲಾ ಅದು?”

“ಅವರು ಏನೂ ಹೇಳಲಿಲ್ಲ ಕಣವ್ವ, ಬರೀ ಕಾಗದ ಕೊಟ್ರು. ಅದನ್ನೇ ಕಿವಿಗೆ ಹಾಕ್ಕೊಂಡು ಬಂದೆ.”

ಕೆಂಪಾಜಮ್ಮ ಸುರುಳಿ ಎಳೆದು ಲಿಂಗಾಜಮ್ಮನ ಕೈಗೆ ಕೊಟ್ಟಳು. ಅದು ಮಾತು ಬಾರದವರಿಗೆ ಸರ್ಕಾರ ಕೊಡುವ ಮಾಸಾಶನದ ಅರ್ಜಿ.

ಕೆಂಪಾಜಮ್ಮ ಹಣೆ ಹಣೆ ಚಚ್ಚಿಕೊಂಡಳು. “ನಿನ್ನನ್ನ ಹೆತ್ತ ಹೊಟ್ಟೆಗೆ ಏನು ಹೇಳಲಿ. ನಾಳಿದ್ದು ಮತ್ತೆ ಹೋಗು. ಕೇಳಿದ್ದಕ್ಕೆಲ್ಲ ಬಾಯ್ತುಂಬ ಉತ್ತರ ಹೇಳು. ಇದ್ದದ್ದು ಇದ್ದ ಹಂಗೆ ಹೇಳು, ಒಂದನ್ನೂ ಬಚ್ಚಿಡಬೇಡ.”

“ಹೂಂ ಕಣವ್ವ.” ಹೋದ.

ನಸೀಮಾ ಮೇಡಂ ಇವನ ಬಾಯಿಂದ ಮಾತು ಬಂದದ್ದು ನೋಡಿ ಬೆಚ್ಚಿದರು. ಆಮೇಲೆ ಕಂಪ್ಯೂಟರಿನಲ್ಲಿ ಹುಡುಕಿ, “ಹದಿನೆಂಟು ಸಾವಿರ ಕಟ್ಟಬೇಕಪ್ಪ. ದುಡ್ಡು ಇದೆಯಾ?” ಅಂದರು.

“ಅದೆ ಮೇಡಂ. ರಾಗಿ ಡ್ರಮ್ಮಿನ ತಳದಲ್ಲಿ, ಹಳೇ ಸೀರೆ ಒಳಗೆ.”

ಹಿಂದೆ ಸಾಲಿನಲ್ಲಿ ನಿಂತಿದ್ದ ಇಪ್ಪತ್ತು ಜನ ಕೇಳಿಸಿಕೊಂಡರು.

“ಮತ್ತೆ ಯಾಕೆ ತರಲಿಲ್ಲ?”

“ನೀವು ತಿಂದಾಕ್ತೀರಿ ಅಂತ ಅವ್ವ ಹೇಳವ್ಳೆ.”

ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. “ಸರಿ. ಮೂರು ವರ್ಷ ಯಾಕೆ ಕೆಲಸಕ್ಕೆ ಹೋಗಲಿಲ್ಲ ಅಂತ ಕಾರಣ ಬರೀಬೇಕು. ಏನು ಕಾರಣ?”

“ನಾನೇ ಮೇಡಂ. ಏಳು ವರ್ಷದವನಿದ್ದಾಗ ಜ್ವರ ತಲೆಗೇರಿ ಮಲಗಿಬಿಟ್ಟೆ. ಎದ್ದಾಗ ನಂಗೆ ಹತ್ತು ತುಂಬಿತ್ತು. ಅವ್ವ ಪಕ್ಕದಲ್ಲೇ ಕೂತಿದ್ಲು.”

ಇದನ್ನೆಲ್ಲ ಅವನು ಮನೆಗೆ ಬಂದು ಒಪ್ಪಿಸಿದ.

“ಅದನ್ನೂ ಹೇಳ್ಬಿಟ್ಯಾ?”

“ಬಚ್ಚಿಡಬೇಡ ಅಂದಿದ್ದೆ.”

“ಅದಕ್ಕೆ ಆವಮ್ಮ ಏನಂದ್ಲು?”

“ದುಡ್ಡು ತಗೊಂಡು ಬಾ, ಹದಿನೈದು ದಿನ ಅದೆ ಅಂದ್ರು.”

ಆಗ ರಾಗಿ ಡ್ರಮ್ಮು ನೆನಪಾಗಿ ಕೆಂಪಾಜಮ್ಮ ಒಂಟಿ ಕಾಲಲ್ಲೇ ಕುಂಟಿಕೊಂಡು ಹೋದಳು. ದುಡ್ಡು ಇತ್ತು. ಹೊರಗೆ ತೆಗೆದು ದಿಂಬಿನೊಳಗೆ ಹೊಲಿದಳು. ಬೀದಿಯಲ್ಲಿ ಯಾರು ಹಾದುಹೋದರೂ, ಇವನು ಆ ಇಪ್ಪತ್ತು ಜನರಲ್ಲಿ ಒಬ್ಬನಿರಬಹುದಾ ಅಂತ ನೋಡಿದಳು.

“ದುಡ್ಡಿನ ವಿಷಯ ಊರಿಗೆಲ್ಲ ಸಾರಿ ಬಂದ್ಯಲ್ಲೋ ದಡ್ಡ. ಇನ್ಮೇಲೆ ಕೇಳು. ರಸೀತಿ ಕೊಡದವರ ಕೈಗೆ ಒಂದು ಪೈಸೆ ಕೊಡಬೇಡ. ರಸೀತಿ ಕೊಟ್ಟ ಮೇಲೆ ಪೂರ್ತಿ ಕೊಟ್ಬಿಡು, ಮಾತು ಬೆಳೆಸಬೇಡ.”

“ಹೂಂ ಕಣವ್ವ.” ಚೀಲದಲ್ಲಿ ದುಡ್ಡು, ಆಫೀಸಿನ ಕಾಗದ ಇಟ್ಟುಕೊಂಡು ಹೋದ.

ಆವತ್ತು ನಸೀಮಾ ಮೇಡಂ ರಜ. ಕೌಂಟರಿನಲ್ಲಿದ್ದವನು, “ದುಡ್ಡು ಕೊಡಪ್ಪ, ರಸೀತಿ ಹಾಕ್ತೀನಿ” ಅಂದ. ದುಂಡ, “ರಸೀತಿ ಹಾಕಿ, ದುಡ್ಡು ಕೊಡ್ತೀನಿ” ಅಂದ. ಹೀಗೇ ಊಟದ ಹೊತ್ತಿನವರೆಗೆ ನಡೆಯಿತು. ಕೊನೆಗೆ ಅವನು ಕಿಟಕಿ ಎಳೆದುಕೊಂಡು ಊಟಕ್ಕೆ ಹೋದ.

ದುಂಡ ಹೊರಗೆ ಬಂದ. ಬಾಗಿಲಲ್ಲಿ ಒಬ್ಬ ಮನುಷ್ಯ ಬೀದಿ ಗಣೇಶನ ಚಂದಾ ಎತ್ತುತ್ತಿದ್ದ. ದುಂಡನ ಹೆಸರು ಕೇಳಿ, ದುಡ್ಡು ಕೇಳುವ ಮೊದಲೇ ಐವತ್ತೊಂದು ರೂಪಾಯಿಗೆ ರಸೀತಿ ಹರಿದು ಕೈಗಿಟ್ಟ. ದುಂಡನಿಗೆ ಸಮಾಧಾನವಾಯಿತು. ಚೀಲವನ್ನೇ ಅವನ ಕೈಗೆ ಕೊಟ್ಟು, ಮಾತು ಬೆಳೆಸದೆ ಬಸ್ಸು ಹತ್ತಿದ.

ಗಣೇಶನ ಚಿತ್ರವಿದ್ದ ರಸೀತಿ ನೋಡಿ ಕೆಂಪಾಜಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. ಹದಿನೆಂಟು ಸಾವಿರ ಅಂದರೆ ಅವಳು ಆರು ವರ್ಷ ಕೂಡಿಟ್ಟದ್ದು.

ಸಂಜೆಗೆ ಮುಂಚೆ ಒಂದು ಮೊಪೆಡ್ಡು ಬಂದು ಬಾಗಿಲಲ್ಲಿ ನಿಂತಿತು. ಚಂದಾ ಎತ್ತುವವನು. ಚೀಲದೊಳಗಿನ ಕಾಗದದಲ್ಲಿ ವಿಳಾಸ ನೋಡಿಕೊಂಡು ಬಂದಿದ್ದ. “ತಗೋ ತಾಯಿ, ನಿಮ್ಮ ಹುಡುಗ ಗೊತ್ತಾಗದೆ ಕೊಟ್ಟವ್ನೆ,” ಅಂದ.

ಕೆಂಪಾಜಮ್ಮನಿಗೆ ಅನುಮಾನ ಬಂತು. ದುಡ್ಡನ್ನು ಮನೆ ಹುಡುಕಿಕೊಂಡು ಬಂದು ವಾಪಸ್ ಕೊಡುವವನು ಎಂಥವನಿರಬೇಕು. ಮೂರು ಸಲ ಎಣಿಸಿದಳು. ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದಳು.

“ಐವತ್ತೊಂದು ಕಮ್ಮಿ ಅದೆ.”

“ಅದನ್ನ ಹಿಡ್ಕೊಂಡಿದ್ದೀನಿ ತಾಯಿ. ರಸೀತಿ ಹರಿದಿದ್ದೀನಲ್ಲ.”

ಆಗ ಅವಳಿಗೆ ಧೈರ್ಯ ಬಂತು. ಐವತ್ತೊಂದು ಹಿಡಿದುಕೊಂಡಿದ್ದಾನೆ ಅಂದಮೇಲೆ ಉಳಿದ ನೋಟು ಅಸಲಿಯೇ ಇರಬೇಕು ಅಂದುಕೊಂಡು ಅವನಿಗೆ ಕಾಫಿ ಕೊಟ್ಟಳು.

ಅವನು ಹೋದ ಮೇಲೆ ಕಮ್ಮಿಯಾದ ಐವತ್ತೊಂದನ್ನು ಸೇರಿಸಿಟ್ಟು, ಮಗನನ್ನು ಎದುರಿಗೆ ಕೂರಿಸಿಕೊಂಡಳು. “ಒಂಬತ್ತು ದಿನ ಉಳಿದದೆ. ಸರಿಯಾಗಿ ಕೇಳು. ದುಡ್ಡನ್ನ ನಸೀಮಾ ಮೇಡಂ ಕೈಗೇ ಕೊಡು. ಅವರು ಕೊಟ್ಟ ರಸೀತಿನ ಯಾರ ಕಣ್ಣಿಗೂ ಬೀಳದ ಹಂಗೆ ಬಚ್ಚಿಡು.”

“ಹೂಂ ಕಣವ್ವ.” ಹೋದ, ಬಂದ.

“ಕಟ್ಟಿದ್ಯಾ?”

“ಕಟ್ಟಿದೆ.”

“ರಸೀತಿ?”

“ಬಚ್ಚಿಟ್ಟೆ.”

“ಎಲ್ಲಿ?”

“ನಾನು ನೋಡಲಿಲ್ಲ. ನಂಗೂ ಕಣ್ಣು ಅವಲ್ಲ ಅವ್ವ. ಅದಕ್ಕೆ ಕಣ್ಮುಚ್ಚಿಕೊಂಡು ಇಟ್ಟೆ.”

ಎರಡು ದಿನ ಹುಡುಕಿದರು. ದನದ ಕೊಟ್ಟಿಗೆ, ಹಂಚಿನ ಸಂದು, ಸೌದೆ ರಾಶಿ. ಸಿಗಲಿಲ್ಲ. ಕಟ್ಟಿಯೇ ಇಲ್ಲವೇನೋ ಅಂತ ಕೆಂಪಾಜಮ್ಮನಿಗೆ ಅನುಮಾನ. ಕೊನೆಗೆ ಲಿಂಗಾಜಮ್ಮ ಆಫೀಸಿಗೆ ಹೋಗಿ ಕೇಳಿಕೊಂಡು ಬಂದಳು. “ದುಡ್ಡು ಸಂದಾಯ ಆಗದೆ ಕಣೆ. ಇಪ್ಪತ್ತು ವರ್ಷ ಪೂರ್ತಿ ಅಂತ ಕಂಪ್ಯೂಟರಲ್ಲಿ ಅದೆ.” ಕರೆಂಟು ಹೋದರೆ ಕಂಪ್ಯೂಟರಿಗೆ ನೆನಪಿರುತ್ತಾ ಅಂತ ಕೆಂಪಾಜಮ್ಮ ಕೇಳಿದಳು. ಇರುತ್ತೆ ಅಂದಳು ಲಿಂಗಾಜಮ್ಮ.

ಅರವತ್ತು ತುಂಬಿತು. ಕೆಂಪಾಜಮ್ಮನಿಗೆ ಪೂರ್ತಿ ಪಿಂಚಣಿ ಅನ್ನೋ ಸುದ್ದಿ ಊರು ಸುತ್ತಿತು. ಚೀಟಿಯವನು ಬಂದ, ಕಂತಿನಲ್ಲಿ ಸೀರೆ ಮಾರುವವನು ಬಂದ, ಹತ್ತು ವರ್ಷದಿಂದ ಮುಖ ತೋರಿಸದ ತಮ್ಮನ ಮಗ ಹಣ್ಣು ತಂದ. ದುಂಡ ಎಲ್ಲರನ್ನೂ ಒಳಗೆ ಕರೆದು ಕೂರಿಸಿದ.

“ಬಂದೋರನ್ನೆಲ್ಲ ಒಳಕ್ಕೆ ಬಿಟ್ಕೊತೀಯಲ್ಲೋ. ಇನ್ಮೇಲೆ ಯಾರೇ ಬಂದು ಕೆಂಪಾಜಮ್ಮ ಇದ್ದಾರಾ ಅಂದ್ರೆ ಇಲ್ಲ ಅಂದ್ಬಿಡು.”

ಮೂರನೇ ದಿನ ಒಬ್ಬ ಚೀಲ ತಗಲಿಸಿಕೊಂಡು ಬಂದ. ಕೆಂಪಾಜಮ್ಮ ಅಡಿಗೆಮನೆಯಲ್ಲಿ ಉಸಿರು ಹಿಡಿದು ಕೂತಳು.

“ಕೆಂಪಾಜಮ್ಮ ಇದ್ದಾರಾ?”

“ಇಲ್ಲ.”

“ಎಲ್ಲಾದ್ರೂ ಹೋಗವ್ರಾ?”

“ಎಲ್ಲೂ ಹೋಗಿಲ್ಲ. ಇಲ್ಲ.”

ಬಂದವನು ದನಿ ತಗ್ಗಿಸಿದ. “ಯಾವಾಗಿಂದ?”

“ಅರವತ್ತು ತುಂಬಿದಾಗಿಂದ.”

“ಛೆ, ಪಾಪ. ಏನಾಗಿತ್ತು?”

“ಕಾಲು ಮುರಿದಿತ್ತು.”

ಅವನು ಏನೋ ಬರೆದುಕೊಂಡು, ದುಂಡನ ಸಹಿ ಹಾಕಿಸಿಕೊಂಡು ಹೋದ. ಒಳಗೆ ಕೂತು ‘ಇಲ್ಲ’ ಅನ್ನೋದನ್ನಷ್ಟೇ ಕೇಳಿಸಿಕೊಂಡ ಕೆಂಪಾಜಮ್ಮನಿಗೆ, ಮಗ ಕಡೆಗೂ ಒಂದು ಮಾತು ಕಲಿತ ಅಂತ ಕಣ್ಣು ತುಂಬಿ ಬಂತು.

“ಯಾರ್ ಮಗ ಅದು?”

“ಪಿಂಚಣಿ ಆಫೀಸಿನವರು. ನೀನು ಬದುಕಿದ್ದೀಯಾ ಅಂತ ನೋಡಕ್ಕೆ ಬಂದಿದ್ರು.”

ಮಾರನೆಯ ಬೆಳಿಗ್ಗೆ ಕೆಂಪಾಜಮ್ಮ ಕೋಲೂರಿಕೊಂಡು, ಮಗನ ಹೆಗಲು ಹಿಡಿದು, ತಾನೇ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬೈದಳು. ಇಳಿಯುವಾಗ ಅಂದಳು, “ಇವತ್ತು ನಾನೇ ಮಾತಾಡೋದು. ಅವರು ನಿನ್ನ ಏನು ಕೇಳಿದ್ರೂ ನಂಗೊತ್ತಿಲ್ಲ ಅನ್ನು.”

“ಹೂಂ ಕಣವ್ವ.”

ನಸೀಮಾ ಮೇಡಂ ಫೈಲು ತೆರೆದರು. ಮುದುಕಿಯನ್ನು ನೋಡಿದರು, ಫೈಲನ್ನು ನೋಡಿದರು. “ಕೆಂಪಾಜಮ್ಮ ತೀರಿಕೊಂಡಿದ್ದಾರೆ ಅಂತ ಮಗನೇ ಸಹಿ ಹಾಕಿದ್ದಾನೆ. ನೀವು ಯಾರಮ್ಮ?”

“ನಾನೇ ಕೆಂಪಾಜಮ್ಮ.”

“ಸತ್ತವರ ಹೆಸರಲ್ಲಿ ಪಿಂಚಣಿ ಕೇಳ್ಕೊಂಡು ಬರೋರು ತಿಂಗಳಿಗೆ ಇಬ್ಬರಾದ್ರೂ ಇರ್ತಾರೆ. ಹೇಗೆ ನಂಬೋದು?”

ಜೀವಮಾನವೆಲ್ಲ ಮಂದಿಯನ್ನು ನಂಬದ ಕೆಂಪಾಜಮ್ಮ ಆಧಾರ್ ಕಾರ್ಡು ಕೊಟ್ಟಳು. ಅದರ ಫೋಟೋ ಯಾರ ಹಾಗೆ ಬೇಕಾದರೂ ಇತ್ತು. ಬೆರಳಚ್ಚು ಯಂತ್ರದ ಮೇಲೆ ಹತ್ತೂ ಬೆರಳು ಒತ್ತಿದಳು. ಬಿಸಿನೀರಲ್ಲಿ ಬೆಂದು ಬೆಂದು ಸವೆದ ಬೆರಳು, ಒಂದನ್ನೂ ಯಂತ್ರ ಒಪ್ಪಲಿಲ್ಲ.

ಮೇಡಂ ದುಂಡನ ಕಡೆ ತಿರುಗಿದರು. “ನೀನೇ ಹೇಳಪ್ಪ. ಇವರು ಯಾರು?”

“ನಂಗೊತ್ತಿಲ್ಲ,” ಅಂದ ದುಂಡ.

ಕೆಂಪಾಜಮ್ಮ ಬೆಂಚಿನ ಮೇಲೆ ಕುಸಿದು ಕೂತಳು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

“ಸರಿಯಾಗಿ ನೋಡಿ ಹೇಳಪ್ಪ,” ಅಂದರು ಮೇಡಂ. “ನೀನು ಹೇಳೋದರ ಮೇಲೆ ಈಯಮ್ಮನ ಪಿಂಚಣಿ ನಿಂತಿದೆ. ಇವರು ಯಾರು?”

ದುಂಡ ಸರಿಯಾಗಿ ನೋಡಿದ. ಆಮೇಲೆ ಬೆಂಚಿನ ಹತ್ತಿರ ಹೋಗಿ, ಬಗ್ಗಿ, ಆಫೀಸಿಗೆಲ್ಲ ಕೇಳುವ ಹಾಗೆ ಪಿಸುಗುಟ್ಟಿದ.

“ಅವ್ವ, ನೀನು ಯಾರು ಅಂತ ಮತ್ತೆ ಕೇಳ್ತಾವ್ರೆ. ಈಗ್ಲೂ ಗೊತ್ತಿಲ್ಲ ಅನ್ಲಾ?”

ನಸೀಮಾ ಮೇಡಂ ‘ಇದ್ದಾರೆ’ ಅಂತ ಬರೆದು, ಸೀಲು ಒತ್ತಿದರು.